ಮಗ ಕೈ ಮೀರಿದಾಗ, ಠಾಣೆಯಿಂದ ಫೋನ್ ಬಂದಾಗ: ಅಪ್ಪ-ಅಮ್ಮ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾದ ಮನೆಗಳೇ ಬೇರೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಮನೆಗಳೇ ಬೇರೆ. ಆದರೆ ಹದಿನೈದು ಹದಿನಾರರ ಮಗ ದಾರಿ ತಪ್ಪಿದಾಗ ಅಪ್ಪ-ಅಮ್ಮ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ‘ಯಾರ ಹತ್ರಾನೂ ಹೇಳ್ಬೇಡಿ’ ಎಂದೇ ಮಾತು ಶುರುವಾಗುತ್ತದೆ. ಹಾಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕಾನೂನು ಬಂದಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮ ಮಾತ್ರ ಹೇಳಿದ್ದೇನೆ. ನಿಮ್ಮ ಮಗನ ಕೇಸಿಗೆ ವಕೀಲರನ್ನೇ ಕೇಳಬೇಕು. ಅದಕ್ಕೆ ದುಡ್ಡು ಬೇಕಿಲ್ಲ. ಯಾಕೆ ಅಂತ ಮುಂದೆ ಇದೆ.

ಪ್ರ: ಇದು ವಯಸ್ಸಿನ ಹುಡುಗಾಟವೋ, ನಿಜವಾದ ತೊಂದರೆಯೋ? ಹೇಗೆ ಗೊತ್ತಾಗಬೇಕು?

ಎದುರು ಮಾತಾಡುವುದು, ಬಾಗಿಲು ಹಾಕಿಕೊಂಡು ಕೂರುವುದು, ಗೆಳೆಯರೇ ಸರ್ವಸ್ವ ಅನ್ನುವುದು ಈ ವಯಸ್ಸಿನಲ್ಲಿ ಸಹಜ. ಮುಂದಿನದನ್ನು ಯೋಚಿಸಿ ತನ್ನನ್ನು ತಾನೇ ತಡೆದುಕೊಳ್ಳುವ ಮೆದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಚಿಂತೆ ಮಾಡಬೇಕಾದದ್ದು ಒಂದು ಸಲದ ತಪ್ಪಿಗಲ್ಲ. ಅದೇ ನಡತೆ ತಿಂಗಳುಗಟ್ಟಲೆ ನಡೆದರೆ, ಮನೆ, ಶಾಲೆ, ಪೇಟೆ ಎಲ್ಲ ಕಡೆಯೂ ಕಂಡರೆ ಎಚ್ಚರಾಗಬೇಕು. ತನಗಿಂತ ಚಿಕ್ಕವರನ್ನು, ನಾಯಿ ದನಗಳನ್ನು ಹಿಂಸಿಸುವುದು, ಮತ್ತೆ ಮತ್ತೆ ಕದಿಯುವುದು, ರಾತ್ರಿ ಮನೆಗೇ ಬಾರದಿರುವುದು, ಮೊದಲು ಇಷ್ಟಪಟ್ಟ ಕ್ರಿಕೆಟ್ಟೋ ಯಕ್ಷಗಾನವೋ ಯಾವುದೂ ಬೇಡವಾಗುವುದು. ಇವು ಕಂಡರೆ ಕಾಯುತ್ತ ಕೂರಬೇಡಿ.

ಇನ್ನೊಂದು ಮಾತು. ಈ ವಯಸ್ಸಿನವರಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ. ಎಷ್ಟೋ ಸಲ ಸಿಟ್ಟಾಗಿ ಬರುತ್ತದೆ. ‘ಸೊಕ್ಕು’ ಎಂದು ಮನೆಯವರು ಬೈಯುತ್ತಿರುತ್ತಾರೆ. ಹುಡುಗ ಒಳಗೆ ಕುಸಿದಿರುತ್ತಾನೆ. ಗಮನ ನಿಲ್ಲದ ಎಡಿಎಚ್‌ಡಿ, ಯಾರೂ ಪತ್ತೆ ಮಾಡದೇ ಬಿಟ್ಟ ಕಲಿಕೆಯ ತೊಂದರೆ, ಚಿಕ್ಕಂದಿನಲ್ಲಿ ಆದ ಲೈಂಗಿಕ ಕಿರುಕುಳ, ಇವೂ ಹಿಂದೆ ಇರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕಾರವಾರದ ಹತ್ತಿರದವರಿಗೆ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ.

ಪ್ರ: ಎರಡು ಬಿಗಿದರೆ ಸರಿಹೋಗುವುದಿಲ್ಲವೇ? ನಮ್ಮನ್ನೂ ಹೊಡೆದೇ ಬೆಳೆಸಿದ್ದು.

ಹೊಡೆದರೆ ಆ ಹೊತ್ತಿಗೆ ಸುಮ್ಮನಾಗುತ್ತಾನೆ, ನಿಜ. ಆಮೇಲೆ ಸುಳ್ಳು ಹೇಳುವುದನ್ನು ಇನ್ನೂ ಚೆನ್ನಾಗಿ ಕಲಿಯುತ್ತಾನೆ. ಹದಿನಾರಕ್ಕೆ ಅಪ್ಪನಷ್ಟೇ ಎತ್ತರ ಬೆಳೆದ ಹುಡುಗ ಒಂದು ದಿನ ಕೈ ತಿರುಗಿಸುತ್ತಾನೆ. ಅಲ್ಲಿಗೆ ಮಾತಿನ ದಾರಿಯೂ ಮುಚ್ಚುತ್ತದೆ. ಹೊಡೆತ ಜಾಸ್ತಿ ತಿಂದ ಮಕ್ಕಳಲ್ಲಿ ಒರಟುತನ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಹೊಡೆಯಬೇಡಿ ಅಂದರೆ ಬಿಟ್ಟುಬಿಡಿ ಅಂತಲ್ಲ. ನಿಯಮ ಕಡಿಮೆ ಇರಲಿ, ಆದರೆ ಇದ್ದದ್ದು ಗಟ್ಟಿಯಾಗಿರಲಿ. ರಾತ್ರಿ ಒಂಬತ್ತಕ್ಕೆ ಮನೆಯಲ್ಲಿರಬೇಕು. ಯಾರ ಮೇಲೂ ಕೈ ಮಾಡಬಾರದು. ಎಲ್ಲಿದ್ದೇನೆ ಎಂದು ತಿಳಿಸಬೇಕು. ಇಷ್ಟೇ ಸಾಕು. ಮುರಿದರೆ ಏನಾಗುತ್ತದೆ ಎಂದು ಮೊದಲೇ ಹೇಳಿರಿ, ಅಷ್ಟನ್ನೇ ಮಾಡಿರಿ. ‘ಇವತ್ತಿಂದ ಮೊಬೈಲೇ ಇಲ್ಲ’ ಎಂದು ಕೂಗಿ ಮೂರನೇ ದಿನ ವಾಪಸ್ ಕೊಡುವುದಕ್ಕಿಂತ, ‘ನಾಳೆ ಒಂದು ದಿನ ಇಲ್ಲ’ ಎಂದು ತಣ್ಣಗೆ ಹೇಳಿ ಪಾಲಿಸುವುದು ಮೇಲು. ಸಿಟ್ಟು ನೆತ್ತಿಗೇರಿದಾಗ ನ್ಯಾಯ ತೀರ್ಮಾನ ಬೇಡ. ಊಟ ಹಾಕಿ ಮಲಗಿಸಿ, ಬೆಳಿಗ್ಗೆ ಮಾತಾಡಿ.

ಪ್ರ: ಪರಿಚಯದ ಪೊಲೀಸರಿಂದ ಒಂದು ಸಲ ಹೆದರಿಸಬಹುದೇ?

ಬೇಡ. ಅಮೆರಿಕದಲ್ಲಿ 1970ರ ದಶಕದಿಂದ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಪ್ರಯೋಗಗಳು ನಡೆದವು. ನಂತರ ಲೆಕ್ಕ ಹಾಕಿದಾಗ, ಹಾಗೆ ಕರೆದೊಯ್ದ ಹುಡುಗರೇ ಹೋಗದವರಿಗಿಂತ ಹೆಚ್ಚು ತಪ್ಪು ಮಾಡಿದ್ದರು. ಅಲ್ಲದೆ ಠಾಣೆಯ ಭಯ ಒಮ್ಮೆ ಬಿಟ್ಟುಹೋದರೆ ಮತ್ತೆ ಬರುವುದಿಲ್ಲ.

ಪ್ರ: ಮನೆಯ ಅಡಿಕೆಯನ್ನೇ ಚೀಲಕ್ಕೆ ತುಂಬಿ ಮಾರುತ್ತಿದ್ದಾನೆ. ಅಮ್ಮನ ಸರವೂ ಕಾಣುತ್ತಿಲ್ಲ. ಏನು ಮಾಡಲಿ?

ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂಬುದೇ ಮುಖ್ಯ ಪ್ರಶ್ನೆ. ಬಟ್ಟೆ ಬೈಕಿಗೋ, ಮೊಬೈಲಿನ ದುಡ್ಡಿನ ಆಟಕ್ಕೋ, ಗಾಂಜಾಕ್ಕೋ, ಯಾರಾದರೂ ಹೆದರಿಸಿ ಕೀಳುತ್ತಿದ್ದಾರೋ? ‘ಯಾಕೆ ಕದ್ದೆ’ ಎಂದರೆ ಬಾಯಿ ಬಿಡುವುದಿಲ್ಲ. ‘ಯಾರಿಗೆ ಎಷ್ಟು ಕೊಡಬೇಕಿದೆ, ಹೇಳು ತಮಾ’ ಎಂದು ಕೇಳಿ ನೋಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಆದರೂ ಕಳ್ಳದಾರಿಗಳು ಇರುತ್ತವೆ, ಸಾಲ ಕೊಡುವ ದೊಡ್ಡ ಹುಡುಗರೂ ಇರುತ್ತಾರೆ.

ಕದ್ದದ್ದನ್ನು ಅವನೇ ತೀರಿಸಲಿ. ತೋಟದ ಕೆಲಸ, ಅಡಿಕೆ ಸುಲಿಯುವುದು, ಅಂಗಡಿಯಲ್ಲಿ ಕೂರುವುದು, ಏನಾದರೂ ಸರಿ. ವಾರಕ್ಕೆ ಇಷ್ಟು ಎಂದು ಬರೆದಿಡಿ. ಕೆಲಸ ಮುಗಿದ ಮೇಲೆ ಅದನ್ನು ಎತ್ತಿ ಆಡಬೇಡಿ. ಮನೆಗೆ ಬಂದ ನೆಂಟರೆದುರು ಅಂತೂ ಬೇಡವೇ ಬೇಡ.

ಪ್ರ: ಜೇಬಿನಲ್ಲಿ ಗಾಂಜಾ ಸಿಕ್ಕಿತು. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುವುದಿಲ್ಲವೇ?

ಈ ಭಯದಿಂದಲೇ ಎಷ್ಟೋ ಮನೆಯವರು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ರೋಗಿಯ ವಿಷಯವನ್ನು ಗುಟ್ಟಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಚಿಕಿತ್ಸೆ ಕೇಳಿ ಬಂದವನನ್ನು ವೈದ್ಯರು ಅಪರಾಧಿಯಂತೆ ನೋಡುವುದಿಲ್ಲ.

‘ವ್ಯಸನ ಬಿಡಿಸುವ ಕೇಂದ್ರ’ ಎಂದು ಬೋರ್ಡ್ ಹಾಕಿದ ಕಡೆಗೆಲ್ಲ ಮಗನನ್ನು ಕಳಿಸಬೇಡಿ. ನೋಂದಣಿ ಇದೆಯೇ ನೋಡಿ. ಯಾರನ್ನೇ ಆಗಲಿ ಸರಪಳಿಯಲ್ಲಿ ಕಟ್ಟುವುದು ಅದೇ ಕಾಯ್ದೆಯಲ್ಲಿ ನಿಷಿದ್ಧ. 18 ತುಂಬದವರನ್ನು ದೊಡ್ಡವರಿಂದ ಬೇರೆ ಇಡಬೇಕು. ದಾಖಲಾದಷ್ಟು ದಿನ ಮನೆಯವರೋ ಮನೆಯವರು ನೇಮಿಸಿದವರೋ ಜೊತೆಗಿರಬೇಕು. ‘ನೀವು ಬಿಟ್ಟು ಹೋಗಿ, ಆರು ತಿಂಗಳು ಬರಬೇಡಿ’ ಎನ್ನುವ ಜಾಗದಿಂದ ಮಗನನ್ನು ವಾಪಸ್ ಕರೆದುಕೊಂಡು ಬನ್ನಿ.

ಮಕ್ಕಳಿಗೆ ಸಾರಾಯಿ, ತಂಬಾಕು, ಮಾದಕ ವಸ್ತು ಕೊಡುವವರಿಗೆ ಬಾಲ ನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ನಿಮ್ಮ ಮಗನಿಗೆ ಕೊಟ್ಟವರು ಯಾರೆಂದು ಗೊತ್ತಿದ್ದರೆ ದೂರು ಕೊಡುವ ಹಕ್ಕು ನಿಮಗಿದೆ.

ಪ್ರ: ಠಾಣೆಯಿಂದ ಫೋನ್ ಬಂತು. ಮಗ ಅಲ್ಲಿದ್ದಾನಂತೆ. ಮೊದಲು ಏನು ಮಾಡಬೇಕು?

ಹೊರಡುವಾಗ ಅವನ ಜನನ ಪ್ರಮಾಣಪತ್ರ, ಇಲ್ಲವೇ ಶಾಲೆಯ ದಾಖಲೆ ಕೈಯಲ್ಲಿ ಹಿಡಿದುಕೊಳ್ಳಿ. ವಯಸ್ಸು 18ರೊಳಗೆ ಎಂದು ತೋರಿಸುವ ಕಾಗದ ಎಲ್ಲಕ್ಕಿಂತ ಮುಖ್ಯ. 18 ತುಂಬದವರಿಗೆ 2015ರ ಬಾಲ ನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಹಾಗಾಗಿ ದಾರಿಯೇ ಬೇರೆ.

ಲಾಕಪ್ಪಿನಲ್ಲಿ ಇಡುವಂತಿಲ್ಲ. ಕೋಳ ಹಾಕುವಂತಿಲ್ಲ. ತಪ್ಪು ಒಪ್ಪಿಕೋ ಎಂದು ಒತ್ತಾಯಿಸುವಂತಿಲ್ಲ. ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳುವಂತಿಲ್ಲ. ವಿಚಾರಿಸುವಾಗ ಅಪ್ಪ ಅಥವಾ ಅಮ್ಮ ಜೊತೆಗಿರಬಹುದು. ಹಿಡಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರು ಮಾಡಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರು ಇರಬೇಕು. ಅವರನ್ನೇ ಕೇಳಿ. ಅಪರಾಧ ಘೋರವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ಬರೆದು, ಮನೆಯ ಹಿನ್ನೆಲೆಯ ವರದಿ ಜೊತೆ ಮಂಡಳಿಗೆ ಕಳಿಸುವುದು ನಿಯಮ.

ಇದನ್ನೆಲ್ಲ ಜಗಳದ ದನಿಯಲ್ಲಿ ಹೇಳಬೇಕಿಲ್ಲ. ‘ಸರ್, ಹುಡುಗನಿಗೆ ಹದಿನಾರು. ಕಾಗದ ತಂದಿದ್ದೇವೆ. ವಕೀಲರು ಬರುವವರೆಗೆ ನಾವು ಜೊತೆಗೆ ಕೂರುತ್ತೇವೆ’ ಎಂದರೆ ಸಾಕು. ಠಾಣೆಯಲ್ಲೇ ಮಗನ ಕೆನ್ನೆಗೆ ಬಾರಿಸಿ ನಿಮ್ಮ ಪ್ರಾಮಾಣಿಕತೆ ತೋರಿಸಲು ಹೋಗಬೇಡಿ. ಸಿಟ್ಟು ಮನೆಗೆ ಬಂದ ಮೇಲೂ ಇರುತ್ತದೆ. ಠಾಣೆಯಲ್ಲಿ ಅವನ ಪಕ್ಕದಲ್ಲಿ ಇರುವ ದೊಡ್ಡವರು ನೀವೊಬ್ಬರೇ.

ವಕೀಲರಿಗೆ: ಮಕ್ಕಳಿಗೆ ಉಚಿತ ಕಾನೂನು ನೆರವು ಕೊಡಲೇಬೇಕು. ಅಪ್ಪನ ಆದಾಯ ಎಷ್ಟಿದ್ದರೂ ಸರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ನಿಯಮ ಇದು. ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ. ತಾಲ್ಲೂಕು ಸಮಿತಿಗೆ ನಿಮ್ಮ ಊರಿನ ಕೋರ್ಟಿನಲ್ಲೇ ಕೇಳಿ. 15100ಕ್ಕೂ ಫೋನ್ ಮಾಡಬಹುದು.

ಪ್ರ: ಜೈಲಿಗೆ ಹಾಕುತ್ತಾರಾ? ಜಾಮೀನು ಸಿಗುತ್ತದಾ?

ಮಗುವನ್ನು ಜೈಲಿಗೆ ಹಾಕುವಂತಿಲ್ಲ. ಜಾಮೀನು ಕೊಡುವುದೇ ಸಾಮಾನ್ಯ ನಿಯಮ. ಶ್ಯೂರಿಟಿ ಇಲ್ಲದೆಯೂ ಬಿಡಬಹುದು. ಹೊರಗೆ ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ನಂಬಲು ಕಾರಣ ಇದ್ದರೆ ಮಾತ್ರ ನಿರಾಕರಿಸಬಹುದು. ಆಗ ವೀಕ್ಷಣಾಲಯದಲ್ಲಿ, ಅಂದರೆ ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ಮನೆಯಲ್ಲಿ, ಇಡುತ್ತಾರೆ. ಅದಕ್ಕೇ ನೀವು ಒಂದು ಯೋಜನೆ ಹಿಡಿದುಕೊಂಡು ಹೋಗಬೇಕು. ಮಗ ಎಲ್ಲಿರುತ್ತಾನೆ, ಯಾರು ನೋಡಿಕೊಳ್ಳುತ್ತಾರೆ, ಶಾಲೆ ಯಾವುದು, ಹಳೆಯ ಗುಂಪಿನಿಂದ ದೂರ ಇಡಲು ಏನು ಮಾಡಿದ್ದೀರಿ. ಯಲ್ಲಾಪುರದ ಮಾವನ ಮನೆಯಲ್ಲಿ ಇರಿಸುತ್ತೇವೆ ಅಂತಿದ್ದರೆ ಮಾವನೇ ಬಂದು ಹೇಳಿದರೆ ಬೆಲೆ ಜಾಸ್ತಿ.

ಪ್ರ: ಬಾಲ ನ್ಯಾಯ ಮಂಡಳಿ ಅಂದರೆ ಕೋರ್ಟೇ? ಅಲ್ಲಿ ಏನಾಗುತ್ತದೆ?

ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಪರಿವೀಕ್ಷಣಾಧಿಕಾರಿ ನಿಮ್ಮ ಮನೆ, ಶಾಲೆ, ನೆರೆಹೊರೆ ವಿಚಾರಿಸಿ ವರದಿ ಬರೆಯುತ್ತಾರೆ. ಆ ವರದಿಗೆ ತುಂಬಾ ಬೆಲೆ ಇದೆ. ಅವರು ಬಂದಾಗ ಮನೆ ಚೊಕ್ಕ ಮಾಡಿ ಎಲ್ಲ ಸರಿಯಿದೆ ಎಂದು ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅಪ್ಪನ ಕುಡಿತ, ಗಂಡ-ಹೆಂಡಿರ ಜಗಳ, ಮಗನ ಚಿಕಿತ್ಸೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮಂಡಳಿ ಕೊಡುವ ನೆರವು ಅದರ ಮೇಲೆಯೇ ನಿಂತಿದೆ.

ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಇನ್ನೆರಡು ತಿಂಗಳು ಬೆಳೆಸಬಹುದು. ಸಣ್ಣ ಅಪರಾಧದ ವಿಚಾರಣೆ ಅಷ್ಟರಲ್ಲೂ ಮುಗಿಯದಿದ್ದರೆ ಕೈಬಿಡಬೇಕು. 3 ವರ್ಷದವರೆಗೆ ಮಾತ್ರ ಶಿಕ್ಷೆ ಇರುವುದು ಸಣ್ಣ ಅಪರಾಧ. ಸಾಮಾನ್ಯ ಕಳವು ಇದರಲ್ಲಿ ಬರುತ್ತದೆ. ತಪ್ಪು ಸಾಬೀತಾದರೆ ಬುದ್ಧಿ ಹೇಳಿ ಬಿಡುವುದು, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಅಪ್ಪ-ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಂಡು 3 ವರ್ಷದವರೆಗೆ ಮನೆಯಲ್ಲೇ ನಿಗಾ, ಹೆಚ್ಚೆಂದರೆ ವಿಶೇಷ ಗೃಹದಲ್ಲಿ (ತಪ್ಪು ಸಾಬೀತಾದ ಮಕ್ಕಳನ್ನು ಇಟ್ಟು ತಿದ್ದುವ ಮನೆ) 3 ವರ್ಷ. ಕನಿಷ್ಠ 7 ವರ್ಷ ಶಿಕ್ಷೆ ಇರುವ ಘೋರ ಅಪರಾಧವನ್ನು 16 ದಾಟಿದ ಹುಡುಗ ಮಾಡಿದ್ದಾನೆ ಎಂದಾದರೆ ಮಾತ್ರ, ದೊಡ್ಡವರಂತೆ ವಿಚಾರಿಸಬೇಕೋ ಎಂದು ಮೊದಲು ಪರಿಶೀಲಿಸುತ್ತಾರೆ. ಅಂಥ ಕೇಸಿಗೆ ಒಳ್ಳೆಯ ವಕೀಲರು ಮೊದಲ ದಿನದಿಂದಲೇ ಬೇಕು.

ಶಿರಸಿ, ಮುಂಡಗೋಡದಿಂದ ಕಾರವಾರಕ್ಕೆ ಹೋಗಬೇಕಾದ ದಿನ ಘಟ್ಟ ಇಳಿಯಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದೂ ಇದೆ. ಹಾಗಿದ್ದರೆ ವಕೀಲರಿಗೆ ಮೊದಲೇ ತಿಳಿಸಿ. ಸುಮ್ನೆ ಗೈರಾಗಬೇಡಿ.

ಪ್ರ: ದೂರು ಕೊಟ್ಟವರ ಕಾಲು ಹಿಡಿದು ರಾಜಿ ಮಾಡಿಕೊಳ್ಳಬಹುದೇ?

ಕದ್ದ ವಸ್ತು ವಾಪಸ್ ಕೊಡುವುದು, ಆದ ನಷ್ಟ ತುಂಬಿಕೊಡುವುದು, ಮಗನೇ ಬಂದು ಕ್ಷಮೆ ಕೇಳುವುದು ಒಳ್ಳೆಯದೇ. ಅವನು ನೋಯಿಸಿದ ಮನೆಯೂ ಒಂದು ಮನೆಯೇ ಅಲ್ವಾ. ಆದರೆ ವಕೀಲರನ್ನು ಕೇಳಿಯೇ ಮಾಡಿ. ಏನನ್ನೂ ಬರೆದು ಕೊಡುವ ಮುನ್ನ ಅವರಿಗೆ ತೋರಿಸಿ. ಊರ ಪಂಚರ ಎದುರು ಮಗನಿಂದ ಸಾಷ್ಟಾಂಗ ಹಾಕಿಸುವುದು, ಯಾರದೋ ಕೈಗೆ ದುಡ್ಡು ಕೊಟ್ಟು ಮುಚ್ಚಿಸುವುದು ಬೇಡ. ದುಡ್ಡು ಕೊಟ್ಟು ಬಿಡಿಸಿದ ಹುಡುಗ ಕಲಿಯುವ ಪಾಠ ‘ಅಪ್ಪ ಇದ್ದಾನೆ’ ಎಂಬುದೊಂದೇ.

ಪ್ರ: ಹದಿನಾರಕ್ಕೇ ಬೈಕ್ ಓಡಿಸುತ್ತಾನೆ. ಟ್ಯೂಷನ್‌ಗೆ ಬಸ್ಸಿಲ್ಲ, ಏನು ಮಾಡೋದು?

ನಮ್ಮ ಹಳ್ಳಿಗಳಲ್ಲಿ ಬಸ್ಸಿನ ಕಷ್ಟ ನಿಜ. ಆದರೆ ಇದರಲ್ಲಿ ಸಿಕ್ಕಿಬೀಳುವುದು ಮೊದಲು ನೀವು. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಲ್ಲಿ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೀಲಿ ನಿಮ್ಮ ಕೈಯಲ್ಲೇ ಇರಲಿ.

ಪ್ರ: ಗೋವಾದಿಂದ ಬಾಟಲಿ ತಂದುಕೊಟ್ಟರೆ ದುಡ್ಡು ಕೊಡುತ್ತಾರಂತೆ. ‘ಎಲ್ಲರೂ ತರ್ತಾರೆ’ ಅನ್ನುತ್ತಾನೆ.

ಗಡಿ ಮಾಜಾಳಿಯಲ್ಲೇ ಇದೆ, ಅಲ್ಲಿ ಸಾರಾಯಿ ಅಗ್ಗ. ಹುಡುಗರಿಗೆ ಇದು ಅಪರಾಧ ಅಂತಲೇ ಅನಿಸುವುದಿಲ್ಲ. ಮಕ್ಕಳನ್ನು ಸಾರಾಯಿ ಅಥವಾ ಮಾದಕ ವಸ್ತು ಸಾಗಿಸಲು, ಮಾರಲು ಬಳಸುವವರಿಗೆ 7 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಮಕ್ಕಳಿಗೆ ಶಿಕ್ಷೆ ಕಡಿಮೆ ಎಂದು ಗೊತ್ತಿದ್ದೇ ದೊಡ್ಡವರು ಅವರ ಕೈಗೆ ಚೀಲ ಕೊಡುತ್ತಾರೆ. ಇದನ್ನು ಮಗನಿಗೆ ಬಿಡಿಸಿ ಹೇಳಿ. ತನ್ನನ್ನು ಬಳಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಈ ವಯಸ್ಸಿನವರಿಗೆ ರೋಷ ಬರುತ್ತದೆ. ಬುದ್ಧಿಮಾತಿಗಿಂತ ಆ ರೋಷ ಕೆಲಸಕ್ಕೆ ಬರುತ್ತದೆ.

ಬ್ಯಾಂಕ್ ಖಾತೆ, ಸಿಮ್ ಕಾರ್ಡ್ ಬಾಡಿಗೆಗೆ ಕೇಳುವವರ ವಿಷಯವೂ ಇದೇ. ಮೋಸದ ದುಡ್ಡು ನಿಮ್ಮ ಮಗನ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಪ್ರ: ಕ್ಲಾಸಿನ ಹುಡುಗಿಯ ಫೋಟೊ ಹಂಚಿದ್ದಾನೆ. ಇನ್ನೊಬ್ಬ ಮಗ ಹುಡುಗಿ ಜೊತೆ ಓಡಿಹೋಗಿದ್ದ. ಎರಡೂ ಪೋಕ್ಸೋ ಆಗುತ್ತದಾ?

ಆಗಬಹುದು. ಪೋಕ್ಸೋ ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ. 18ರೊಳಗಿನವರ ನಗ್ನ ಅಥವಾ ಲೈಂಗಿಕ ಚಿತ್ರ ಹಂಚುವುದು ಪೋಕ್ಸೋದಲ್ಲೂ ಐಟಿ ಕಾಯ್ದೆಯಲ್ಲೂ ಗಂಭೀರ ಅಪರಾಧ. ಹಂಚುವುದನ್ನು ಆ ಕ್ಷಣ ನಿಲ್ಲಿಸಿ. ಮೊಬೈಲ್ ಒಡೆಯಬೇಡಿ, ಸಾಕ್ಷ್ಯ ಅಳಿಸಲು ಹೋಗಬೇಡಿ. ಕೂಡಲೇ ವಕೀಲರನ್ನು ಕಾಣಿ. ಆ ಹುಡುಗಿ ಶಾಲೆಗೆ ಹೇಗೆ ಹೋಗುತ್ತಿರಬಹುದು ಎಂದು ಮಗನ ಹತ್ತಿರ ಮಾತಾಡಿ. ಇದನ್ನು ಮಾತ್ರ ತಪ್ಪಿಸಬೇಡಿ.

ಪ್ರೀತಿಯ ವಿಷಯದಲ್ಲಿ, 18ರೊಳಗಿನ ಹುಡುಗಿಯ ಒಪ್ಪಿಗೆಯನ್ನು ಪೋಕ್ಸೋ ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ. ಎರಡೂ ಮನೆಯವರು ಕೂತು ಮದುವೆ ಮಾಡಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು. ಒಂದು ಕೇಸು ಎರಡಾಗುತ್ತದೆ, ಅಷ್ಟೇ.

ಪ್ರ: ಮುಂದೆ ನೌಕರಿ? ಇಲ್ಲಿ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ ಎಲ್ಲದಕ್ಕೂ ಪೊಲೀಸ್ ವೆರಿಫಿಕೇಶನ್ ಇದೆಯಲ್ಲ.

ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ನೆನಪಿಡಿ. ಈ ಕಾಯ್ದೆಯಡಿ ತೀರ್ಮಾನವಾದ ಕೇಸಿನಿಂದ ಮಗುವಿಗೆ ಯಾವ ಅನರ್ಹತೆಯೂ ಬರಬಾರದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ದೊಡ್ಡವರಂತೆ ವಿಚಾರಿಸಿ ತಪ್ಪಿತಸ್ಥ ಎಂದಾದ 16 ದಾಟಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಕೇಸು ಮುಗಿದ ಆದೇಶದ ಪ್ರತಿ ತೆಗೆದಿಟ್ಟುಕೊಳ್ಳಿ. ಅರ್ಜಿಯಲ್ಲಿ ಏನು ಬರೆಯಬೇಕು ಎಂದು ಆಗ ವಕೀಲರನ್ನು ಕೇಳಿ.

ಪ್ರ: ಪೇಪರಿನವರು, ವಾಟ್ಸಾಪ್ ಗ್ರೂಪಿನವರು ಹೆಸರು ಹಾಕಿದರೆ?

ಹೆಸರು, ಫೋಟೊ, ಶಾಲೆ, ಊರು, ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಪ್ರ: ಶಾಲೆಯವರು ಟಿಸಿ ಒಯ್ಯಿರಿ ಅನ್ನುತ್ತಾರೆ. ಬಿಡಿಸಿ ಬೋಟಿಗೆ ಕಳಿಸೋದೇ ವಾಸಿಯಾ?

ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. ಇದು 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರ ಮೇಲಿನವರ ವಿಷಯದಲ್ಲಿ ಮುಖ್ಯೋಪಾಧ್ಯಾಯರ ಹತ್ತಿರ ಒಂದು ಅವಕಾಶ ಕೇಳಿ. ಮಗನಿಗೆ ಇಷ್ಟವಾದ ಒಬ್ಬ ಮೇಷ್ಟ್ರು ಇದ್ದರೆ ಅವರನ್ನು ಹಿಡಿಯಿರಿ. ಒಬ್ಬ ಹೊರಗಿನ ದೊಡ್ಡವರ ನಂಟು ಗಟ್ಟಿಯಾಗಿದ್ದರೆ ಹುಡುಗರು ತಿರುಗಿ ಬರುವುದನ್ನು ಕಂಡಿದ್ದೇನೆ. ಕೆಲವರಿಗೆ ಅದು ಮೇಷ್ಟ್ರು, ಕೆಲವರಿಗೆ ವಾಲಿಬಾಲ್ ಆಡಿಸುವ ಅಣ್ಣ, ಕೆಲವರಿಗೆ ಸೋದರಮಾವ.

ಓದು ಸಾಧ್ಯವೇ ಇಲ್ಲ ಎಂದಾದರೆ ಎನ್‌ಐಒಎಸ್ ಮುಕ್ತ ಶಾಲೆ ಇದೆ, ಐಟಿಐ ಇದೆ. ಕೈಕೆಲಸದಲ್ಲಿ ಕುದುರುವ ಹುಡುಗರು ತುಂಬಾ ಮಂದಿ. ಬೋಟಿನ ಕೆಲಸವನ್ನು ಕೀಳೆಂದು ಹೇಳುತ್ತಿಲ್ಲ. ಆದರೆ ಹದಿನೈದರ ಹುಡುಗನನ್ನು ಶಿಕ್ಷೆಯಾಗಿ ಅಲ್ಲಿಗೆ ಕಳಿಸಿದರೆ, ಕುಡಿಯುವ ದೊಡ್ಡವರ ಜೊತೆ ರಾತ್ರಿಗಳು, ಕೈಯಲ್ಲಿ ದುಡ್ಡು, ಮತ್ತೆ ಜೂನ್ ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಪೂರ್ತಿ ಖಾಲಿ. ಇದನ್ನು ಯೋಚಿಸಿ.

ಪ್ರ: ‘ಸಾಯ್ತೇನೆ’ ಅಂತ ಹೆದರಿಸುತ್ತಾನೆ. ನಾಟಕ ಇರಬಹುದಾ?

ನಾಟಕ ಎಂದುಕೊಂಡು ತಪ್ಪಾಗುವುದಕ್ಕಿಂತ ನಿಜ ಎಂದು ನಂಬಿ ಹೆಚ್ಚು ಕಾಳಜಿ ಮಾಡುವುದು ಒಳ್ಳೆಯದು. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಬರುವುದಿಲ್ಲ. ಠಾಣೆಗೆ ಹೋಗಿ ಬಂದ ಮೊದಲ ದಿನಗಳು, ಊರಿಗೆಲ್ಲ ಸುದ್ದಿ ಗೊತ್ತಾದ ದಿನಗಳು ತುಂಬಾ ಸೂಕ್ಷ್ಮ. ಒಬ್ಬನೇ ಬಿಡಬೇಡಿ. ತೋಟಕ್ಕೆ ತಂದ ಕಳೆನಾಶಕ, ಕೀಟನಾಶಕವನ್ನು ಇವತ್ತೇ ಬೀಗ ಹಾಕಿಡಿ. ಬೆಳೆ ಕಾಯುವ ಕೋವಿ ಇದ್ದರೆ ಸ್ವಲ್ಪ ದಿನ ಮನೆಯಿಂದ ಹೊರಗೆ, ಕಾನೂನು ಒಪ್ಪುವ ಜಾಗದಲ್ಲಿ ಇಡಿಸಿ. ಆಮೇಲೆ ವೈದ್ಯರ ಹತ್ತಿರ ಹೋಗಿ.

ಪ್ರ: ನಾನು ಬಿಗಿ ಮಾಡಿದರೆ ಅಜ್ಜಿ ಗುಟ್ಟಾಗಿ ದುಡ್ಡು ಕೊಡುತ್ತಾರೆ. ಗಂಡ ಎಲ್ಲದಕ್ಕೂ ನನ್ನನ್ನೇ ಬೈಯುತ್ತಾರೆ.

ಹುಡುಗನ ಎದುರು ವಾದ ಬೇಡ. ಅವನಿಲ್ಲದ ಹೊತ್ತಿನಲ್ಲಿ ಮೂವರೂ ಕೂತು ಎರಡೇ ವಿಷಯ ಒಪ್ಪಿಕೊಳ್ಳಿ: ಕೈಗೆ ದುಡ್ಡು ಕೊಡುವವರು ಒಬ್ಬರೇ, ‘ಇಲ್ಲ’ ಎಂದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ‘ಹೂಂ’ ಮಾಡುವುದಿಲ್ಲ. ಅಜ್ಜಿಯನ್ನು ದೂರಬೇಡಿ. ಅವನು ಮನಸ್ಸು ಬಿಚ್ಚುವುದು ಅವರೊಬ್ಬರ ಹತ್ತಿರವೇ ಇರಬಹುದು. ಮನೆಯ ತಂಗಿ ತಮ್ಮಂದಿರನ್ನೂ ಕೂರಿಸಿಕೊಂಡು, ಅವರಿಗೆ ಅರ್ಥವಾಗುವಷ್ಟು ನಿಜ ಹೇಳಿ. ಶಾಲೆಯಲ್ಲಿ ಬೇರೆಯವರಿಂದ ಕೇಳಿಸಿಕೊಳ್ಳುವುದು ಅವರಿಗೆ ಇನ್ನೂ ಕಷ್ಟ.

ಪ್ರ: ಕೇಸು ನಡೆಯುವಾಗ 18 ತುಂಬಿದರೆ?

ತಪ್ಪು ನಡೆದ ದಿನದ ವಯಸ್ಸೇ ಲೆಕ್ಕ. ಆ ದಿನ 18 ಆಗಿರದಿದ್ದರೆ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲೇ ಮುಂದುವರಿಯುತ್ತದೆ. ಆದರೆ 18 ತುಂಬಿದ ಮೇಲೆ ಮಾಡುವ ತಪ್ಪಿಗೆ ಬೇರೆ ಕೋರ್ಟು, ಬೇರೆ ಜೈಲು. ಇದನ್ನು ಹುಟ್ಟುಹಬ್ಬಕ್ಕೆ ಕೆಲವು ತಿಂಗಳು ಮೊದಲೇ, ಹೆದರಿಸದೆ, ವಕೀಲರ ಬಾಯಿಂದಲೇ ಮಗನಿಗೆ ಹೇಳಿಸಿ.

ಪ್ರ: ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?

ಜೀವಕ್ಕೆ ಅಪಾಯ ಇದ್ದರೆ 112. ಮಗ ಅಥವಾ ಮಗಳು ಕಾಣೆಯಾದರೆ, ಯಾರಾದರೂ ಹಿಂಸಿಸುತ್ತಿದ್ದರೆ 1098, ಮಕ್ಕಳ ಸಹಾಯವಾಣಿ. ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮಾದಕ ವ್ಯಸನಕ್ಕೆ 14446. ಆನ್‌ಲೈನ್ ಹಣದ ಮೋಸಕ್ಕೆ 1930. ವಕೀಲರಿಗೆ 15100. ಈ ನಂಬರುಗಳನ್ನು ಮಗನ ಮೊಬೈಲಿನಲ್ಲೂ ಹಾಕಿಕೊಡಿ. ನಿಮಗೆ ಹೇಳಲಾಗದ್ದನ್ನು ಅವನು ಅವರಿಗೆ ಹೇಳಬಹುದು.